ಕೇಳಿದ ಸಲ: ಸೊನ್ನೆ

ನಮ್ಮವ್ವನ ಹತ್ತಿರ ಒಂದು ಡಬ್ಬಿ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕೆಂಪು ಬಣ್ಣ, ಮುಂದೆ ಜಾಳಿಗೆ, ಹಿಂದೆ ಮೊಬೈಲಿನ ಬ್ಯಾಟರಿ, ಪಕ್ಕದಲ್ಲಿ ಮೆಮೊರಿ ಕಾರ್ಡ್ ತುರುಕುವ ಸೀಳು. ಗುಂಡಿಗಳು ನಾಲ್ಕೇ: ಚಾಲೂ-ಬಂದ್, ಮುಂದೆ, ಹಿಂದೆ, ದನಿ. ಪರದೆ ಗಿರದೆ ಏನೂ ಇಲ್ಲ. ಅವ್ವ ಅದಕ್ಕೆ ಹಾಡಿನ ಡಬ್ಬಿ ಅನ್ನುತ್ತಾಳೆ. ಶಹಾಪುರ, ಸುರಪುರ, ಯಾದಗಿರಿ ಕಡೆ ಇಂಥ ಡಬ್ಬಿಗಳನ್ನು ಗುಡಿಯ ಕಟ್ಟೆ ಮೇಲೆ, ಚಹಾದಂಗಡಿಯ ಗೂಟದಲ್ಲಿ, ಹೊಲದಲ್ಲಿ ತೊಗರಿ ರಾಶಿಯ ಪಕ್ಕದಲ್ಲಿ ನೀವೂ ನೋಡಿರುತ್ತೀರಿ.

ಬೆಂಗಳೂರಿನಲ್ಲಿ ನನ್ನ ಹತ್ತಿರ ಇನ್ನೊಂದಿದೆ. ಅದನ್ನು ನಾನು ಬಹಳ ವರ್ಷ 'ಲೈಬ್ರರಿ' ಅಂತ ಜಂಬದಿಂದ ಕರೆದುಕೊಂಡು ಬಂದೆ. ಹನ್ನೊಂದು ಸಾವಿರ ಚಿಲ್ಲರೆ ಹಾಡು. ಒಂದೊಂದಕ್ಕೂ ಹೆಸರು, ಹಾಡಿದವರು, ರಾಗ, ವರ್ಷ, ಒಂದರಿಂದ ಐದು ಚುಕ್ಕಿ. ಹೆಂಡತಿ ನೋಡಿ, "ರೇಶನ್ ಅಂಗಡಿ ಖಾತೆ ಪುಸ್ತಕ ಇದ್ದಂಗ ಅದ" ಅಂದಿದ್ದಳು. ಹಾಡು ಕೇಳುವುದಕ್ಕಿಂತ ಹಾಡು ಜೋಡಿಸುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತಿತ್ತು ಅನ್ನುವುದೂ ನಿಜ.

ಈ ಡಬ್ಬಿಗೂ ಆ ಲೈಬ್ರರಿಗೂ ನಂಟು ಬೆಳೆಸಲು ಹೋಗಿ ನಾನು ಮಾಡಿಕೊಂಡ ಎಡವಟ್ಟನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಇವತ್ತು ಭಾನುವಾರ, ಹೊರಗೆ ಜಿಟಿಜಿಟಿ ಮಳೆ, ಪುಣ್ಯಕ್ಕೆ ಕರೆಂಟೂ ಇದೆ. ಬರೆದೇಬಿಡುತ್ತೇನೆ.

ಹುಚ್ಚು ಹಿಡಿದದ್ದು 2007ರಲ್ಲಿ. ಅಮೆರಿಕಕ್ಕೆ ಹೋಗಿಬಂದ ಸಹೋದ್ಯೋಗಿಯೊಬ್ಬ ತನ್ನ ಹಳೆಯ ಐಪಾಡನ್ನು ಅರ್ಧ ಬೆಲೆಗೆ ಕೊಟ್ಟ. ಐಟ್ಯೂನ್ಸ್ ಬಂದದ್ದು 2001ರ ಜನವರಿಯಲ್ಲಿ, ಐಪಾಡ್ ಅದೇ ವರ್ಷದ ಅಕ್ಟೋಬರಿನಲ್ಲಿ. ಮರುವರ್ಷ 2002ರಲ್ಲಿ 'ಸ್ಮಾರ್ಟ್ ಪ್ಲೇಲಿಸ್ಟ್' ಅನ್ನುವುದನ್ನು ಸೇರಿಸಿದರು. ನನ್ನನ್ನು ಕೆಡಿಸಿದ್ದು ಅದು.

ಸಾಮಾನ್ಯ ಪ್ಲೇಲಿಸ್ಟ್ ಅಂದರೆ ಹಾಡುಗಳನ್ನು ನೀವೇ ಆರಿಸಿ ಸಾಲಾಗಿ ಇಡುವುದು. ಸ್ವಯಂಚಾಲಿತ ಪಟ್ಟಿಯಲ್ಲಿ ಹಾಡು ಆರಿಸುವ ಹಾಗೇ ಇಲ್ಲ, ನಿಯಮ ಮಾತ್ರ ಬರೆಯಬೇಕು. 'ನಾಲ್ಕು ಚುಕ್ಕಿಗಿಂತ ಮೇಲಿನವು, ಮೂರು ತಿಂಗಳಿಂದ ಕೇಳದವು, ಒಟ್ಟು ಐವತ್ತು.' ಅಷ್ಟು ಬರೆದರೆ ಪಟ್ಟಿ ತಾನೇ ತುಂಬಿಕೊಳ್ಳುತ್ತದೆ. ಒಂದು ಹಾಡು ಕೇಳಿದ ಕೂಡಲೇ ಅದು ಪಟ್ಟಿಯಿಂದ ಇಳಿದು, ಸರದಿಯಲ್ಲಿದ್ದ ಮತ್ತೊಂದು ಹತ್ತಿಕೊಳ್ಳುತ್ತದೆ. ಪಂಚಾಯಿತಿಯ ಫಲಾನುಭವಿಗಳ ಪಟ್ಟಿ ನೋಡಿದ್ದೀರಲ್ಲ, ಹಾಗೇ. ಷರತ್ತು ಮೇಲಿನವರದು, ಹೆಸರು ತಾನಾಗಿ ಬರುವುದು. ಮತ್ತು ಪಂಚಾಯಿತಿ ಪಟ್ಟಿಯ ಹಾಗೇ, ಬರಬೇಕಾದವರು ಬಿಟ್ಟುಹೋಗುವುದೂ ಉಂಟು. ಅದು ಆಮೇಲೆ.

ಇದು ಕೆಲಸ ಮಾಡುವುದಕ್ಕೆ ಕಾರಣ ಐಪಾಡಿನ ಒಂದು ಗುಣ. ಬಸ್ಸಿನಲ್ಲಿ ಕೂತು ನೀವು ಏನು ಕೇಳಿದಿರಿ, ಎಷ್ಟು ಸಲ, ಯಾವಾಗ ಅನ್ನುವುದನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು. ಮನೆಗೆ ಬಂದು ವೈರ್ ಸಿಕ್ಕಿಸಿದರೆ ಹೊಸ ಹಾಡು ಆ ಕಡೆ ಹೋಗುತ್ತಿತ್ತು, ಈ ಲೆಕ್ಕ ಈ ಕಡೆ ಬರುತ್ತಿತ್ತು. ಸಿಂಕ್ ಅಂದರೆ ನಕಲು ಮಾಡುವುದಷ್ಟೇ ಅಲ್ಲ, ಕೊಟ್ಟು ತಗೊಳ್ಳುವುದು. ಈ 'ತಗೊಳ್ಳುವ' ಭಾಗವನ್ನು ಮರೆತದ್ದೇ ನನ್ನ ಕಥೆ. (2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆಯೇ ನಿಂತಿತು. ನನ್ನದು ಅದಕ್ಕೂ ಬಹಳ ಮೊದಲೇ ಸತ್ತಿತ್ತು, ಕಪಾಟಿನಲ್ಲಿದೆ.)

ಈಗ ಅಪ್ಪನ ವಿಷಯ.

ನಮ್ಮೂರು ಕೆಂಭಾವಿ ಹತ್ತಿರದ ಒಂದು ಹಳ್ಳಿ. ಅಪ್ಪ ಒಕ್ಕಲುತನದವನು, ಜೊತೆಗೆ ಊರ ಭಜನಿ ಮ್ಯಾಳದಲ್ಲಿ ಪೇಟಿ ನುಡಿಸುತ್ತಿದ್ದ. ಪೇಟಿ ಅಂದರೆ ಹಾರ್ಮೋನಿಯಂ. ಅಮಾವಾಸ್ಯೆಗೊಮ್ಮೆ ಹಣಮಪ್ಪನ ಗುಡಿಯಲ್ಲಿ, ಶ್ರಾವಣದಲ್ಲಿ ಸೋಮವಾರಕ್ಕೊಮ್ಮೆ, ಮತ್ತೆ ಯಾರಾದರೂ ತೀರಿಕೊಂಡ ಮನೆಯ ಮುಂದೆ ಬೆಳಗಾಗುವ ತನಕ. ಹಾಡುತ್ತಿದ್ದದ್ದು ಹೆಚ್ಚಾಗಿ ತತ್ವಪದ. ಕಡಕೋಳದ ಮಡಿವಾಳಪ್ಪನವರದು, ಅವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರದು, ಶಿಶುನಾಳದ ಶರೀಫರದು. ಕಡಕೋಳ ನಮ್ಮಲ್ಲಿಂದ ದೂರವೇನಲ್ಲ, ಆಗ ಜೇವರ್ಗಿ ತಾಲ್ಲೂಕಿನಲ್ಲಿತ್ತು. ಅಪ್ಪನ ದನಿ ದೊಡ್ಡದೇನೂ ಅಲ್ಲ. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು. ಆದರೆ ಪದ ಎಂದೂ ತಪ್ಪುತ್ತಿರಲಿಲ್ಲ. ಯಾರಾದರೂ ನಡುವೆ ನುಡಿ ಮರೆತರೆ ಎಲ್ಲರೂ ಅಪ್ಪನ ಮುಖ ನೋಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮಾವ ಮುಂಬಯಿಯಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಅಪ್ಪ ಅದನ್ನು ಮ್ಯಾಳದ ನಟ್ಟನಡುವೆ ಇಟ್ಟು ಎರಡು ಗುಂಡಿ ಒಟ್ಟಿಗೆ ಒತ್ತಿ ಬಿಡುತ್ತಿದ್ದ. ಅರ್ಧ ತಾಸಿಗೊಮ್ಮೆ ಟಕ್ ಅಂತ ನಿಲ್ಲುತ್ತಿತ್ತು, ಮಗ್ಗುಲು ತಿರುವಿ ಹಾಕುವ ಕೆಲಸ ನನ್ನದು. ಹಾಗೆ ತುಂಬಿದ ಕ್ಯಾಸೆಟ್ಟುಗಳು 23. 2006ರಲ್ಲಿ ಅಪ್ಪ ಹೋದ. ಅವತ್ತು ರಾತ್ರಿ ಮ್ಯಾಳದವರು ನಮ್ಮ ಮನೆಯ ಮುಂದೆ ಹಾಡಿದರು. ಪೇಟಿ ಬೇರೆಯವರು ನುಡಿಸಿದರು.

2008ರ ದೀಪಾವಳಿ ರಜೆಗೆ ಊರಿಗೆ ಹೋದಾಗ ಟ್ರಂಕಿನಿಂದ ಕ್ಯಾಸೆಟ್ಟುಗಳನ್ನು ತೆಗೆದುಕೊಂಡು ಬೆಂಗಳೂರಿಗೆ ತಂದೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರ್, ಕಂಪ್ಯೂಟರಿನಲ್ಲಿ ಆಡಾಸಿಟಿ. ಒಂದು ಮಗ್ಗುಲು ತುಂಬಿಸಲು ಅರ್ಧ ತಾಸೇ ಬೇಕು, ಅವಸರ ಮಾಡುವ ಹಾಗಿಲ್ಲ. ಒತ್ತದೆ ಉಳಿಸಿದರೆ ಅರ್ಧ ತಾಸಿಗೆ 300 ಎಂಬಿ ದಾಟುತ್ತದೆ, ಎಂಪಿ3 ಮಾಡಿದರೆ 30 ಎಂಬಿ ಒಳಗೆ. ನನ್ನ ಹಾರ್ಡ್‌ಡಿಸ್ಕ್ ಆಗ 80 ಜಿಬಿಯದು. ಎಂಪಿ3 ಮಾಡಿ ದೊಡ್ಡವನ್ನು ಅಳಿಸಿದೆ.

ಅಷ್ಟೇ ಮಾಡಿದ್ದರೆ ಚೆನ್ನಾಗಿತ್ತು. ನಾನು ಲೈಬ್ರರಿಯವನಲ್ಲವೇ... ಅರ್ಧ ತಾಸಿನ ಒಂದೇ ಫೈಲಿಗೆ ಚುಕ್ಕಿ ಹಾಕುವುದು ಹೇಗೆ? ಹಾಡು ಹಾಡು ಬೇರೆ ಮಾಡಿದೆ. ಪದಕ್ಕೂ ಪದಕ್ಕೂ ನಡುವಿನ ಕೆಮ್ಮು, ತಬಲಾಕ್ಕೆ ಸುತ್ತಿಗೆಯಲ್ಲಿ ಬಡಿದು ಶ್ರುತಿ ಮಾಡುವ ಸದ್ದು, 'ಇದು ಬ್ಯಾಡ ಅದು ಹಾಡ್ರಿ' ಅನ್ನುವ ಚರ್ಚೆ, ಎಲೆ ಅಡಿಕೆ ಕೇಳುವುದು, ಎಲ್ಲಾ ಕತ್ತರಿಸಿ ಎಸೆದೆ. 'ನಾಯ್ಸ್ ರಿಮೂವಲ್' ಅಂತ ಒಂದು ಸೌಕರ್ಯವಿದೆ. ಖಾಲಿ ಟೇಪಿನ ಸುಯ್ ಅನ್ನುವ ಸದ್ದನ್ನು ತೋರಿಸಿದರೆ ಅದನ್ನು ಇಡೀ ಹಾಡಿನಿಂದ ಕಳೆದುಕೊಡುತ್ತದೆ. ಹೆಚ್ಚು ಕಳೆದರೆ ಹಾಡುವವರು ಬಾವಿಯೊಳಗೆ ಕೂತ ಹಾಗೆ ಕೇಳುತ್ತದೆ. ನಾಲ್ಕೈದು ಕ್ಯಾಸೆಟ್ಟಿಗೆ ಹಾಗೂ ಆಯಿತು. ಕೊನೆಗೆ 186 ಚೊಕ್ಕ ಹಾಡುಗಳು. ಲೆಕ್ಕ ಹಾಕಿದರೆ 23 ತಾಸಿನಲ್ಲಿ ನಾಲ್ಕು ತಾಸಿಗೂ ಮಿಕ್ಕಿ ನಾನು ಕತ್ತರಿಸಿ ಎಸೆದಿದ್ದೆ. ಆಗ ಅದು ಹೆಮ್ಮೆಯ ವಿಷಯ.

ಹೆಸರು ಬರೆಯುವ ಕಥೆಯೂ ಸ್ವಲ್ಪ ಹೇಳಬೇಕು. ಎಂಪಿ3 ಫೈಲಿನ ಬಾಲಕ್ಕೆ ಹಾಡಿನ ವಿವರ ಅಂಟಿಸುವ ಐಡಿ3 ಅನ್ನುವ ಪದ್ಧತಿ 1996ರದು. ಮೊದಲ ರೂಪದಲ್ಲಿ ಒಟ್ಟು 128 ಬೈಟ್ ಜಾಗ, ಅದರಲ್ಲಿ ಹಾಡಿನ ಹೆಸರಿಗೆ 30, ಹಾಡಿದವರಿಗೆ 30. ಇಂಗ್ಲಿಷಿನವರಿಗೆ ಮೂವತ್ತು ಅಕ್ಷರ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. 'ಕಡಕೋಳ ಮಡಿವಾಳಪ್ಪ' ಅಂತ ತುರುಕಿದರೆ 'ಕಡಕೋಳ ಮಡಿವ' ಅನ್ನುವಷ್ಟರಲ್ಲಿ ಜಾಗ ಮುಗಿದು ಕೊನೆಗೊಂದು ಚೌಕ ಡಬ್ಬಿ ಉಳಿಯುತ್ತಿತ್ತು. ಮುಂದಿನ ರೂಪಗಳಲ್ಲಿ ಈ ತೊಂದರೆ ಇಲ್ಲ, ಯೂನಿಕೋಡ್ ಸರಿಯಾಗಿ ಕೂರುತ್ತದೆ. ಆದರೆ ನಾವು ಬಳಸುವ ಸಾಧನಗಳು ಹಳೆಯ ಬಾಲವನ್ನೇ ಓದಿದರೆ ಏನು ಮಾಡುವುದು!

ಅದಕ್ಕಿಂತ ಮಜಾ ಅಂದರೆ 'ಪ್ರಕಾರ' ಅನ್ನುವ ಖಾನೆ. ಅದರಲ್ಲಿ ಮೊದಲೇ ಎಂಬತ್ತು ಪ್ರಕಾರಗಳಿಗೆ ನಂಬರು ಕೊಟ್ಟಿದ್ದರು. ಪೋಲ್ಕಾ ಇದೆ, ಗ್ಯಾಂಗ್‌ಸ್ಟಾ ಇದೆ. ತತ್ವಪದ ಎಲ್ಲಿಂದ ಬರಬೇಕು? ಸೊನ್ನೆ ನಂಬರಿನದು ಬ್ಲೂಸ್. ಹಾಗಾಗಿ ಖಾನೆಯಲ್ಲಿ ಸೊನ್ನೆ ಉಳಿದುಬಿಟ್ಟ ಫೈಲೆಲ್ಲ ಬ್ಲೂಸ್ ಆಗುತ್ತದೆ. ನಮ್ಮಪ್ಪ ಕೆಂಭಾವಿ ಕಡೆಯ ಬ್ಲೂಸ್ ಗಾಯಕನಾಗಿ ಬಹಳ ದಿನ ಇದ್ದ. ಅಮೆರಿಕದ ಹತ್ತಿ ಹೊಲದ ಆಳುಗಳ ಹಾಡು ಅದು ಅಂತ ಆಮೇಲೆ ಓದಿದಾಗ, ಅಷ್ಟೇನೂ ತಪ್ಪಲ್ಲ ಬಿಡು ಅನಿಸಿತು. ಅಪ್ಪನೂ ಹತ್ತಿ ಬೆಳೆದವನೇ.

ಇನ್ನು 'ಹಾಡಿದವರು' ಖಾನೆ. ಪದ ಬರೆದವರನ್ನು ಹಾಕಬೇಕೋ, ಅಪ್ಪನನ್ನೋ, ಹಿಮ್ಮೇಳದ ಹತ್ತು ಮಂದಿಯನ್ನೋ? ಕೊನೆಗೆ 'ಭಜನಿ ಮ್ಯಾಳ' ಅಂತ ಹಾಕಿದೆ.

ಕ್ಯಾಸೆಟ್ಟುಗಳನ್ನು ಸಂಕ್ರಾಂತಿಗೆ ಹೋದಾಗ ಮತ್ತೆ ಟ್ರಂಕಿನಲ್ಲಿ ಇಟ್ಟು ಬಂದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಮಳೆ ನಿಮಗೆ ನೆನಪಿರಬಹುದು, ಉತ್ತರ ಕರ್ನಾಟಕ ಪೂರ್ತಿ ನೀರು ನೀರಾದದ್ದು. ನಮ್ಮ ಮನೆಯ ಹಿಂದಿನ ಮಣ್ಣಿನ ಗೋಡೆ ಬಿತ್ತು, ಟ್ರಂಕು ಕೆಸರಲ್ಲಿ ಹೂತಿತು. ತಂಗಿ ಫೋನ್ ಮಾಡಿ ಅಳುತ್ತಾ ಹೇಳಿದಾಗ, "ಹೋಗ್ಲಿ ಬಿಡು, ಎಲ್ಲಾ ಕಂಪ್ಯೂಟರ್‌ದಾಗ ಅದಾವ" ಅಂದೆ. ಎಂಥಾ ಧೈರ್ಯ! ಆ ವರ್ಷದ ಕೊನೆಗೆ, ಡಿಸೆಂಬರ್ 30ಕ್ಕೆ, ಯಾದಗಿರಿ ಜಿಲ್ಲೆಯಾಯಿತು. ಅವ್ವ ಊರ ಮನೆ ಬಿಟ್ಟು ಶಹಾಪುರಕ್ಕೆ, ತಂಗಿಯ ಮನೆಯ ಪಕ್ಕಕ್ಕೆ ಬಂದಳು.

ಡಬ್ಬಿ ಬಂದದ್ದು 2012ರಲ್ಲಿ. ಮೊದಲ ಸಲ ಕಾರ್ಡ್ ಹಾಕಿ ಕೊಟ್ಟಾಗ ಅದು ಹಾಡಲೇ ಇಲ್ಲ. ನಾನು ಹಾಡಿನ ಬದಲು ಪ್ಲೇಲಿಸ್ಟ್ ಫೈಲನ್ನು ನಕಲು ಮಾಡಿದ್ದೆ! ಅದು ಬರೀ ಪಠ್ಯ, ಯಾವ ಹಾಡು ಯಾವ ಫೋಲ್ಡರಿನಲ್ಲಿದೆ ಅನ್ನುವ ವಿಳಾಸದ ಚೀಟಿ. ಲಗ್ನಪತ್ರಿಕೆ ಮನೆಗೆ ಬಂದರೆ ಊಟ ಬಂದ ಹಾಗಾಗುತ್ತದೆಯೇ?

ಎರಡನೆಯ ಸಲ ಹಾಡೇ ಹಾಕಿದೆ. ನೂರು ಸಾಕು, ಪರದೆ ಇಲ್ಲದ ಡಬ್ಬಿಯಲ್ಲಿ ಹೆಚ್ಚಾದರೆ ಹುಡುಕಲು ಕಷ್ಟ ಅಂತ 'ಅವ್ವನ ಪಟ್ಟಿ' ಅನ್ನುವ ಸ್ವಯಂಚಾಲಿತ ಪಟ್ಟಿ ಮಾಡಿ ಕಾರ್ಡಿಗೆ ಸುರಿದೆ. ಅವ್ವ ದೀಪ ಹಚ್ಚಿ ಬಂದು ಕೂತು ಗುಂಡಿ ಒತ್ತಿದಳು. ಮೊದಲ ಹಾಡೇ ಮಂಗಳಾರತಿ.

"ಇದೇನೋ ತಮ್ಮಾ, ಭಜನಿ ಕುಂದ್ರೂದಕ್ಕಿಂತ ಮೊದಲ ಏಳಿಸಿಬಿಟ್ಟಿಯಲ್ಲೋ?"

ಹಾಡಿನ ಹೆಸರಿನ ಹಿಂದೆ ನಂಬರು ಹಾಕಿದ್ದೇನಲ್ಲ ಅಂತ ನಾನು. ಆಮೇಲೆ ತಿಳಿದದ್ದು: ಇಂಥ ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಹೆಸರೂ ನೋಡುವುದಿಲ್ಲ, ನಂಬರೂ ನೋಡುವುದಿಲ್ಲ. ಕಾರ್ಡಿನ ಮೇಲೆ ಯಾವ ಫೈಲು ಮೊದಲು ಬರೆಯಲ್ಪಟ್ಟಿತೋ ಅದನ್ನೇ ಮೊದಲು ಹಾಡುತ್ತವೆ. ಪಂಕ್ತಿಯಲ್ಲಿ ಮೊದಲು ಕೂತವನಿಗೆ ಮೊದಲು ಎಲೆ. ಆದ್ದರಿಂದ ಕಾರ್ಡ್ ಪೂರ್ತಿ ಖಾಲಿ ಮಾಡಿ, ಹಾಡುಗಳನ್ನು ಬೇಕಾದ ಸರದಿಯಲ್ಲೇ ಒಂದೊಂದಾಗಿ ನಕಲು ಮಾಡಬೇಕು. ನಂಬರು ನೋಡುವ ಸಾಧನಗಳಿಗಾಗಿ 1, 2 ಬದಲು 001, 002 ಅಂತಲೂ ಹಾಕಬೇಕು, ಇಲ್ಲವಾದರೆ ಒಂದರ ಹಿಂದೆ ಹತ್ತು ಬಂದು ಕೂರುತ್ತದೆ.

ಸರಿ, ಬೇಕಾದ ಸರದಿ ಅಂದರೆ ಯಾವುದು? ಅದನ್ನು ನಾನು ಅಷ್ಟು ವರ್ಷ ಮಗ್ಗುಲು ತಿರುವಿ ಹಾಕಿದ್ದರೂ ಗಮನಿಸಿರಲಿಲ್ಲ. ಅವ್ವ ಬೆರಳು ಮಡಚಿ ಹೇಳಿದಳು. ಮೊದಲು ಗುರುವಿನದು, ಗಣಪತಿದು. ಆಮೇಲೆ ಮಂದಿ ಕೂಡುವ ತನಕ ಎಲ್ಲರಿಗೂ ಬರುವಂಥವು. ನಡುರಾತ್ರಿ ದಾಟಿದ ಮೇಲೆ ಒಗಟಿನಂಥ ಪದಗಳು. "ಆವಾಗ ಅರ್ಧಾ ಮಂದಿ ಮಲಗಿರ್ತಾರ, ತಿಳಿಯೋರು ಮಾತ್ರ ಉಳದಿರ್ತಾರ." ನಸುಕಿಗೆ ಎಬ್ಬಿಸುವಂಥವು. ಎಲ್ಲಾ ಮುಗಿದ ಮೇಲೆ ಮಂಗಳಾರತಿ. ಮತ್ತೆ ಇನ್ನೊಂದು ಮಾತು ಹೇಳಿದಳು. "ಹೆಣದ ಮುಂದ ಹಾಡೂವು ಹಬ್ಬದ ದಿನ ಹಚ್ಚಬ್ಯಾಡ. ಅವನ್ನ ಬ್ಯಾರೆ ಇಡು." ಯಾವುವು ಅವು ಅಂತ ಕೇಳಿದೆ. ನೂರೂ ಹಾಡನ್ನು ಮೊದಲ ಸಾಲು ಕೇಳುತ್ತಲೇ ಇದು ಇಲ್ಲಿ, ಅದು ಅಲ್ಲಿ ಅಂತ ಎರಡು ಸಂಜೆಯಲ್ಲಿ ವಿಂಗಡಿಸಿ ಮುಗಿಸಿದಳು. ಶಾಲೆಗೆ ಹೋದವಳಲ್ಲ.

ನಾನು ಟಿಪ್ಪಣಿ ಬರೆಯುವ ಖಾನೆಯಲ್ಲಿ 'ಹೊತ್ತು 1'ರಿಂದ 'ಹೊತ್ತು 5', ಮತ್ತೆ ಆರನೆಯದಕ್ಕೆ 'ಬ್ಯಾರೆ' ಅಂತ ತುಂಬಿದೆ. ನಿಯಮ ಬರೆದೆ. ಹೊತ್ತು ಒಂದರಿಂದ ಇಷ್ಟು, ಎರಡರಿಂದ ಇಷ್ಟು, ಕೊನೆಗೆ ಒಂದೇ ಮಂಗಳಾರತಿ. ಚೆನ್ನಾಗಿಯೇ ಕೆಲಸ ಮಾಡಿತು. ಊರಿಗೆ ಹೋದಾಗಲೆಲ್ಲ, ಯಾದಗಿರಿಯಲ್ಲಿ ರೈಲು ಇಳಿದು ಬಸ್ ಹತ್ತಿ ಮನೆ ಮುಟ್ಟಿ ಚಹಾ ಕುಡಿಯುತ್ತಿರುವಾಗಲೇ ಅವ್ವ ಕಾರ್ಡ್ ತೆಗೆದು ಕೈಗೆ ಕೊಡುತ್ತಿದ್ದಳು. "ಸರದಿ ಬದಲಿ ಮಾಡು." ನನ್ನ ಜೀವನದಲ್ಲಿ ಮಾಡಿದ ತಂತ್ರಾಂಶ ಕೆಲಸಗಳಲ್ಲಿ ಬಳಕೆದಾರರು ದೂರು ಹೇಳದೆ ಬಳಸಿದ್ದು ಇದೊಂದೇ.

ಅಂದ ಹಾಗೆ, ಆ ಕಾಲದಲ್ಲಿ ನಮ್ಮ ಕಡೆ ಈ ಕೆಲಸಕ್ಕೆ ಅಂಗಡಿಗಳೇ ಇದ್ದವು. ಮೊಬೈಲ್ ರಿಪೇರಿ, ಕರೆನ್ಸಿ ಹಾಕುವುದು, ಜೊತೆಗೆ ಒಂದು ಹಳೆಯ ಕಂಪ್ಯೂಟರ್. ಮೆಮೊರಿ ಕಾರ್ಡ್ ಕೊಟ್ಟರೆ ಇಪ್ಪತ್ತೋ ಮೂವತ್ತೋ ರೂಪಾಯಿಗೆ ತುಂಬಿಸಿಕೊಡುತ್ತಿದ್ದರು. ಸಿನಿಮಾ ಹಾಡುಗಳ ಮಟ್ಟಿಗೆ ಅದು ಕಳ್ಳಮಾಲೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಕೂತ ಹುಡುಗ ಕಾರ್ಡ್ ತಂದವನ ಮುಖ ನೋಡಿಯೇ ಯಾವ ಫೋಲ್ಡರ್ ಅಂತ ತೀರ್ಮಾನ ಮಾಡುತ್ತಿದ್ದ. ರುಮಾಲು ಸುತ್ತಿದ ಮುದುಕರಿಗೆ ಭಜನಿ, ಟ್ರ್ಯಾಕ್ಟರಿನವರಿಗೆ ಜಾನಪದ, ಅಲೈ ಹಬ್ಬ ಹತ್ತಿರ ಬಂದರೆ ಮೊಹರಂ ಪದ, ಕಾಲೇಜು ಹುಡುಗರಿಗೆ ಡಿಜೆ. ನನ್ನ ಯಾವ ನಿಯಮವೂ ಅಷ್ಟು ಚುರುಕಾಗಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಈ ದಂಧೆ ಇಳಿಯುತ್ತಾ ಹೋಯಿತು. ಈಗ ಅಂಥ ಅಂಗಡಿಗಳಲ್ಲಿ ಹೆಚ್ಚಾಗಿ ಮೊಬೈಲ್ ಕವರ್ ತೂಗಾಡುತ್ತವೆ.

ಎಡವಟ್ಟು ಆದದ್ದು 2021ರಲ್ಲಿ. ಕೊರೊನಾ, ಮನೆಯಿಂದಲೇ ಕೆಲಸ, ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ಲೈಬ್ರರಿಯಲ್ಲಿ ಎಂದೂ ಕೇಳದ ಕಸ ಬಹಳ ಸೇರಿತ್ತು. ಯಾರು ಯಾರೋ ಪೆನ್ ಡ್ರೈವಿನಲ್ಲಿ ಕೊಟ್ಟದ್ದು, ಒಂದೇ ಹಾಡು ಮೂರು ಮೂರು ಪ್ರತಿ, 'ಟ್ರ್ಯಾಕ್ 01'ಗಳು. ನಿಯಮವಿದ್ದರೆ ಸುಲಭವಲ್ಲವೇ? ಹೊಸ ಪಟ್ಟಿ ಮಾಡಿದೆ, ಹೆಸರು 'ಕಸ'. ಕೇಳಿದ ಸಲ ಸೊನ್ನೆ. ಸೇರಿಸಿ ಐದು ವರ್ಷ ದಾಟಿದೆ. ಚುಕ್ಕಿ ಇಲ್ಲ. ಮೂರು ಸಾವಿರ ಚಿಲ್ಲರೆ ಫೈಲು ಬಂದವು. ಮೇಲಿನ ಐವತ್ತು ನೋಡಿದೆ, ಎಲ್ಲಾ ಕಸವೇ. ಎಲ್ಲಾ ಆರಿಸು, ಅಳಿಸು. ಫೈಲನ್ನೂ ಅಳಿಸಲೇ ಅಂತ ಕೇಳಿತು, ಹೌದು ಅಂದೆ. ಕಸದ ಬುಟ್ಟಿ ಖಾಲಿ ಮಾಡಲೇ, ಹೌದು.

ಬ್ಯಾಕಪ್ ಇರಲಿಲ್ಲವೇ ಅಂತ ನೀವು ಕೇಳುತ್ತೀರಿ. ಇತ್ತು. ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಭಾನುವಾರ ರಾತ್ರಿ ತಾನಾಗಿ ಸಿಂಕ್ ಆಗುವ ಹಾಗೆ ನಾನೇ ವ್ಯವಸ್ಥೆ ಮಾಡಿದ್ದೆ. ಸಿಂಕ್ ಅಂದರೆ ಇಲ್ಲಿ ಇದ್ದ ಹಾಗೆ ಅಲ್ಲಿ ಇರಬೇಕು. ಇಲ್ಲಿ ಇಲ್ಲದ್ದು ಅಲ್ಲೂ ಇರಕೂಡದು. ಭಾನುವಾರ ರಾತ್ರಿ ಅದು ತನ್ನ ಕೆಲಸ ನಿಯತ್ತಾಗಿ ಮಾಡಿ ಮುಗಿಸಿತು.

ಮೂರು ವಾರದ ಮೇಲೆ ಅವ್ವ ಫೋನಿನಲ್ಲಿ, ಡಬ್ಬಿಯಲ್ಲಿ ಇಲ್ಲದ ಒಂದು ಪದ ಬೇಕು, ಮುಂದಿನ ಸಲ ಬರುವಾಗ ಹಾಕಿಕೊಂಡು ಬಾ ಅಂದಳು. ಹುಡುಕಿದೆ. ಇಲ್ಲ. 'ಭಜನಿ ಮ್ಯಾಳ' ಅಂತ ಹುಡುಕಿದೆ. ಒಂದೂ ಇಲ್ಲ. ಕೈ ಕಾಲು ತಣ್ಣಗಾಯಿತು.

ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಹಾಕಿ ಎರಡು ರಾತ್ರಿ ಕೂತೆ. ಹೆಸರಿಲ್ಲದ ಚೂರುಪಾರು ಸಿಕ್ಕವು, ಅಪ್ಪ ಸಿಗಲಿಲ್ಲ. ಎಲ್ಲಿ ತಪ್ಪಿತು ಅಂತ ಯೋಚಿಸಿದಾಗ ಮೊದಲು ತೋಚಿದ್ದು ಡಬ್ಬಿಯ ವಿಷಯ. ಒಂಬತ್ತು ವರ್ಷದಿಂದ ಆ ಡಬ್ಬಿ ದಿನಾ ಎರಡು ತಾಸು ಹಾಡುತ್ತಿದೆ. ನಮ್ಮ ಮನೆತನದಲ್ಲಿ ಯಾರೂ ಯಾವ ಹಾಡನ್ನೂ ಅಷ್ಟು ಸಲ ಕೇಳಿಲ್ಲ. ಆದರೆ ಮೂವತ್ತು ರೂಪಾಯಿಯ ಕಾರ್ಡ್ ಓದುವ ಚಿಪ್ಪಿಗೆ ಲೆಕ್ಕ ಬರೆಯಲು ಬರುವುದಿಲ್ಲ. ಹಾಡು ಆ ಕಡೆ ಹೋಗುತ್ತಿತ್ತು, ಲೆಕ್ಕ ಈ ಕಡೆ ಬರುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಅವ್ವ ಕೇಳಿದ್ದು ಸೊನ್ನೆ.

ಇದು ಅರ್ಧ ಉತ್ತರ. ಉಳಿದರ್ಧ ಮರುದಿನ ಹಲ್ಲುಜ್ಜುವಾಗ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಹಾಡು ಕೊನೆ ಮುಟ್ಟಿದರೆ ಮಾತ್ರ ಒಂದು ಸಲ ಅಂತ ಲೆಕ್ಕ. 186 ಹಾಡಿಗೂ ಸೊನ್ನೆ ಅಂದರೆ, ಹದಿಮೂರು ವರ್ಷದಲ್ಲಿ ನಾನು ಅಪ್ಪನ ಒಂದೇ ಒಂದು ಹಾಡನ್ನೂ ಕೊನೆಯ ತನಕ ಕೇಳಿರಲಿಲ್ಲ. ಹೆಸರು ಬರೆಯಲು ಹತ್ತು ಸೆಕೆಂಡ್ ಕೇಳಿದ್ದೆ. ಆಮೇಲೆ ಯಾವಾಗಲೋ ಒಮ್ಮೆ ರಾತ್ರಿ ಹಚ್ಚಿ, ಆ ದನಿ ಮೇಲಕ್ಕೆ ಹೋಗಿ ಒಡೆಯುವ ಜಾಗ ಬರುವ ಮೊದಲೇ ಬಂದ್ ಮಾಡಿದ್ದೆ. ಚುಕ್ಕಿಯನ್ನೂ ಹಾಕಿರಲಿಲ್ಲ. ಅಪ್ಪನಿಗೆ ಎಷ್ಟು ಚುಕ್ಕಿ ಹಾಕುವುದು ಅಂತ ಬಿಟ್ಟಿದ್ದೆ. ಲೆಕ್ಕ ನನ್ನ ಮಟ್ಟಿಗೆ ಸರಿಯಾಗಿಯೇ ಇತ್ತು.

ಬಸ್ಸು ರೈಲು ಸರಿಯಾಗುತ್ತಲೇ ಶಹಾಪುರಕ್ಕೆ ಓಡಿದೆ. ಡಬ್ಬಿಯ ಕಾರ್ಡಿನಲ್ಲಿ ನೂರು ಹಾಡು ಭದ್ರವಾಗಿದ್ದವು, 'ಬ್ಯಾರೆ' ಇಟ್ಟವೂ ಸೇರಿ. ಮೊದಲು ಮೂರು ಕಡೆ ನಕಲು ಮಾಡಿದೆ. ಆಮೇಲೆ ಅವ್ವನ ಮುಂದೆ ಕೂತು, 86 ಹಾಡು ಅಳಿಸಿ ಹೋದವು ಅಂತ ಒಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೇರೆಯದೇ ಕೇಳಿದಳು.

"ಹಾಡು ಹೋದ್ರ ಹೋಗ್ಲಿ, ಅವು ಮಂದಿ ಬಾಯಾಗ ಅದಾವ. ನಿಮ್ಮಪ್ಪನ ಮಾತು ಎಲ್ಲಿ ಇಟ್ಟೀದಿ?"

"ಯಾವ ಮಾತು?"

"ಹಾಡಿನ ನಡುವ ಮಾತಾಡ್ತಿದ್ನಲ್ಲೋ, ಟೇಪಿನ್ಯಾಗ. ಅದು ಈ ಡಬ್ಯಾಗ ಬರಂಗೇ ಇಲ್ಲ. ನಿನ್ನ ಕಂಪ್ಯೂಟರ್‌ದಾಗ ಇಟ್ಟಿರ್ತೀಯಂತ ಸುಮ್ನಿದ್ದೆ."

ಒಂಬತ್ತು ವರ್ಷ ಸುಮ್ಮನಿದ್ದಳು. ನಾನು ಏನು ಹೇಳಲಿ? ಅದು ನಾಯ್ಸ್ ಅಂತ ತೆಗೆದೆ ಯವ್ವಾ ಅಂತಲೇ?

ಮರುದಿನ ಊರಿಗೆ ಹೋಗಿ ಮ್ಯಾಳದಲ್ಲಿ ತಬಲಾ ನುಡಿಸುತ್ತಿದ್ದ ಕಾಕಾನನ್ನು ಕಂಡೆ. ಎಂಬತ್ತು ಹತ್ತಿರ ಬಂದಿದೆ, ಕಿವಿ ಮಂದ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, "ನಿಮ್ಮಪ್ಪ ಇದ್ದಾಗs ಒಂದು ಕ್ಯಾಸೆಟ್ ಇಸ್ಕೊಂಡಿದ್ದೆ ನೋಡು. ಪ್ಯಾಟ್ಯಾಗ ಒಬ್ಬಾವ ಸಿಡಿ ಮಾಡಿಕೊಡ್ತಿದ್ದ. ಮಾಡಿಸಿ ಕ್ಯಾಸೆಟ್ ವಾಪಸ್ ಕೊಟ್ಟೆ. ಸಿಡಿ ಎಲ್ಲಿ ಹೋತೋ... ನಮ್ಮ ಹುಡುಗನ ಟ್ರ್ಯಾಕ್ಟರ್‌ದಾಗ ಹಾಡ್ತಿತ್ತಪ, ಕೇಳು ಅವನ್ನ."

ಮೊಮ್ಮಗ ಹೊಲದಿಂದ ಬಂದದ್ದು ಕತ್ತಲಾದ ಮೇಲೆ. ಟ್ರ್ಯಾಕ್ಟರಿನ ಟೇಪಿಗೆ ಸಿಕ್ಕಿಸಿದ್ದ ಪೆನ್ ಡ್ರೈವ್ ಕಿತ್ತು ಕೊಟ್ಟ. ಅದಕ್ಕೆ ಎಣ್ಣೆ, ಧೂಳು. "ಅಣ್ಣಾ, ಅದ್ರಾಗ ಎಲ್ಲಾ ಹಾಡು ಅದಾವ, ಅಳಿಸಬ್ಯಾಡ್ರಿ ಮತ್ತ" ಅಂದ. ನನ್ನ ಕೀರ್ತಿ ಅಷ್ಟರಲ್ಲೇ ಊರು ಮುಟ್ಟಿತ್ತು. ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಡಿಜೆ ಹಾಡು, ಬಯಲಾಟದ ಪದ, ಒಂದಷ್ಟು ಮೊಹರಂ. ನಡುವೆ ಎರಡು ಫೈಲು. ಹೆಸರು 'ಟ್ರ್ಯಾಕ್ 01', 'ಟ್ರ್ಯಾಕ್ 02'. ಪ್ರಕಾರ: ಬ್ಲೂಸ್. ಒಂದೊಂದೂ ಅರ್ಧ ತಾಸಿಗೆ ಒಂದು ನಿಮಿಷ ಹೆಚ್ಚು. ಅಂಗಡಿಯವ ಮಗ್ಗುಲಿಗೊಂದು ಫೈಲು ಮಾಡಿ ಕೈತೊಳೆದುಕೊಂಡಿದ್ದ. ಕತ್ತರಿಸಿರಲಿಲ್ಲ, ಚೊಕ್ಕ ಮಾಡಿರಲಿಲ್ಲ. ಸುಯ್ ಅನ್ನುವ ಸದ್ದು ಹಾಗೇ ಇತ್ತು. ನನ್ನ ಲೈಬ್ರರಿಯಲ್ಲಿ ಇದ್ದಿದ್ದರೆ ಎರಡೂ 'ಕಸ'ದ ಪಟ್ಟಿಗೆ ಮೊದಲ ದಿನವೇ ಹೋಗುತ್ತಿದ್ದವು.

ಕಳೆದುಹೋದ 86ರಲ್ಲಿ ಐದು ಪದ ಅದರಲ್ಲಿ ಸಿಕ್ಕವು. 81 ಹೋದಂತೆಯೇ. ಆಮೇಲೂ ಒಂದಿಷ್ಟು ಹುಡುಕಿದೆ, ಬೇರೆ ಯಾರ ಹತ್ತಿರವೂ ಇರಲಿಲ್ಲ.

ಶಹಾಪುರಕ್ಕೆ ತಂದು ಎರಡೂ ಫೈಲನ್ನು ಅವ್ವನ ಕಾರ್ಡಿಗೆ ಹಾಕಿದೆ. ಈ ಸಲ ನಾನೂ ಪಕ್ಕದಲ್ಲಿ ಕೂತೆ. ಪೇಟಿಯ ಉಸಿರು, ಕೆಮ್ಮು, ಅಪ್ಪ ಯಾರನ್ನೋ "ಕೆನಾಲಿಗೆ ನೀರು ಬಿಟ್ಟಾರೇನೋ?" ಅಂತ ಕೇಳುವುದು, ಅವರು "ನಾಳಿ ಅಂತಾರ" ಅನ್ನುವುದು. ಒಂದು ಪದ. ಇನ್ನೊಂದು ಪದ. ಹತ್ತೊಂಬತ್ತನೆಯ ನಿಮಿಷದ ಹತ್ತಿರ ದೂರದಿಂದ, ಬಾಗಿಲ ಕಡೆಯಿಂದ ಇರಬೇಕು, ಒಂದು ಹೆಣ್ಣು ದನಿ: "ಚಾ ಆಗ್ಯಾವ, ತಗೋರಿ." ಅಪ್ಪ: "ತಡಿ, ಇದೊಂದು ಮುಗೀಲಿ."

ಅವ್ವ ನಕ್ಕಳು. "ನಂದs ಅದು. ಅವತ್ತು ಮನ್ಯಾಗ ಸಕ್ರಿ ಇರಲಿಲ್ಲ, ಬೆಲ್ಲದ ಚಾ ಮಾಡಿದ್ದೆ. ಆರಿಸಿ ಕುಡುದ್ರು."

ಮತ್ತೊಮ್ಮೆ ಕೇಳೋಣ ಅಂತ 'ಹಿಂದೆ' ಗುಂಡಿ ಒತ್ತಿದಳು. ಆ ಡಬ್ಬಿಯಲ್ಲಿ ನಡುವೆ ಹಿಂದೆ ಸರಿಯಲು ಬರುವುದಿಲ್ಲ. ಫೈಲು ಮೊದಲಿನಿಂದ ಶುರುವಾಯಿತು, ಪೇಟಿ, ಕೆಮ್ಮು.

"ಆ ಮಾತಷ್ಟೇ ಕತ್ತರಿಸಿ ಬ್ಯಾರೆ ಫೈಲ್ ಮಾಡಿ ಕೊಡ್ಲೇನು?" ಅಂದೆ.

"ಬ್ಯಾಡ. ಬರ್ತದ ತಗೋ," ಅಂದು ಕಾಲು ಚಾಚಿ ಗೋಡೆಗೆ ಒರಗಿ ಕೂತಳು.